ಬಿದ್ದಲ್ಲಿಂದಲೇ ಹೊಡೆ

ಆಟವೆಂದ ಮೇಲೆ ಸೋಲುವವನೊಬ್ಬನು ಇರಲೇಬೇಕು. ಸೋತವನಿಗೆ ದೂರುವುದಕ್ಕೆ ಇನ್ನೊಬ್ಬನು ಇರಲೇಬೇಕು. ಕ್ರಿಕೆಟ್ಟಿನಲ್ಲಿ ಈ ಎರಡನೆಯ ಅಗತ್ಯವನ್ನು ಪೂರೈಸುವುದಕ್ಕೋ ಎಂಬಂತೆ ಇಬ್ಬರು ತೀರ್ಪುಗಾರರನ್ನು ಮೈದಾನದ ನಡುವೆ ನಿಲ್ಲಿಸಿರುತ್ತಾರೆ. ಫುಟ್‌ಬಾಲಿನಲ್ಲಿ ಶೀಟಿ ಊದುವವನಿದ್ದಾನೆ. ಊರ ಬಯಲಿನಲ್ಲಿ ಚಿನ್ನಿದಾಂಡು ಆಡುವ ಹುಡುಗರಿಗೆ ಬೇರೆ ಯಾರೂ ಸಿಗದಿದ್ದರೆ ಚಿನ್ನಿಯನ್ನು ಕೆತ್ತಿಕೊಟ್ಟ ಬಡಗಿಯಾದರೂ ಸಿಗುತ್ತಾನೆ. ಗಾಲ್ಫ್ ಆಡುವವನಿಗೆ ಮಾತ್ರ ಈ ಸಮಾಧಾನವೂ ಇಲ್ಲ. ನೂರು ನೂರೈವತ್ತು ಎಕರೆಯ ಹುಲ್ಲುಗಾವಲಿನಲ್ಲಿ ಆತ ಒಬ್ಬನೇ ಪೊದೆಯೊಂದರ ಮರೆಯಲ್ಲಿ ತನ್ನ ಚೆಂಡಿನೆದುರು ನಿಂತಿರುತ್ತಾನೆ. ಜೊತೆಗಾರನು ದೂರದ ಇನ್ನೊಂದು ಪೊದೆಯಲ್ಲಿ ತನ್ನ ಕರ್ಮವನ್ನು ತಾನು ಹುಡುಕುತ್ತಿರುತ್ತಾನೆ. ದಾಂಡು ತಗುಲಿ ಚೆಂಡು ಕೂದಲೆಳೆಯಷ್ಟು ಕದಲಿದರೆ ತಪ್ಪು ಮಾಡಿದವನೂ ಆತನೇ, ಕಂಡ ಸಾಕ್ಷಿಯೂ ಆತನೇ, ದಂಡ ವಿಧಿಸಬೇಕಾದ ನ್ಯಾಯಾಧೀಶನೂ ಆತನೇ. ಇಂತಿರಲು ಕೋಪವನ್ನು ಯಾರ ಮೇಲೆ ತೀರಿಸಿಕೊಳ್ಳಬೇಕು? ಉಳಿದಿರುವುದು ನಿಯಮಗಳ ಪುಸ್ತಕ ಒಂದೇ. ಪ್ರಪಂಚದ ಯಾವ ಗಾಲ್ಫ್ ಕ್ಲಬ್ಬಿನ ಜಗಲಿಯಲ್ಲಿ ಸಂಜೆ ಹೊತ್ತು ಹೋಗಿ ಕುಳಿತರೂ ಆ ಪುಸ್ತಕದಲ್ಲಿ ಯಾವ ಯಾವ ನಿಯಮವನ್ನು ಹರಿದೆಸೆಯಬೇಕೆಂಬ ವಿಚಾರವಾಗಿ ಉಚಿತೋಪನ್ಯಾಸವೊಂದು ಕೇಳಿಬರುವುದು ಈ ಕಾರಣದಿಂದಲೇ.

ಈ ಆಟವನ್ನು ಬೇಲಿಯ ಹೊರಗಿನಿಂದಷ್ಟೆ ಕಂಡವರಿಗಾಗಿ ಒಂದೆರಡು ಮಾತು. ಒಂದು ಚಿಕ್ಕ ಬಿಳಿಯ ಚೆಂಡನ್ನು ದಾಂಡಿನಿಂದ ಹೊಡೆಯುತ್ತ ಹೊಡೆಯುತ್ತ ನಾಲ್ಕುನೂರು ಗಜ ಆಚೆ ಇರುವ ಒಂದು ಕುಳಿಯೊಳಗೆ ಬೀಳಿಸಬೇಕು. ಇಂಥ ಕುಳಿಗಳು ಹದಿನೆಂಟು. ಎಲ್ಲ ಕುಳಿಗಳಿಗೂ ಸೇರಿ ಯಾರು ಅತ್ಯಂತ ಕಡಿಮೆ ಹೊಡೆತಗಳನ್ನು ವ್ಯಯಮಾಡಿದನೋ ಆತನೇ ಗೆದ್ದವನು. ನಡುವೆ ಮರಳಿನ ಗುಂಡಿ, ಕೆರೆ, ಮರ, ಆಳೆತ್ತರದ ಹುಲ್ಲು ಎಲ್ಲವೂ ಉಂಟು. ಆಟದ ಮೂಲಸೂತ್ರವೆಂದರೆ ಒಂದೇ: ಚೆಂಡು ಎಲ್ಲಿ ಬಿದ್ದಿದೆಯೋ ಅಲ್ಲಿಂದಲೇ ಹೊಡೆಯತಕ್ಕದ್ದು. ಮಿಕ್ಕದ್ದೆಲ್ಲ ಈ ಸೂತ್ರಕ್ಕೆ ಬರೆದ ವೃತ್ತಿ, ಅಪವಾದ, ಅಪವಾದಕ್ಕೆ ಅಪವಾದ.

ಬ್ರಿಟನ್ನಿನ ಹೊರಗೆ ಸ್ಥಾಪಿತವಾದ ಮೊಟ್ಟಮೊದಲ ಗಾಲ್ಫ್ ಕ್ಲಬ್ಬು ಕಲ್ಕತ್ತೆಯದು, 1829ರಷ್ಟು ಹಳೆಯದು. ಬೆಂಗಳೂರಿನದು 1876ರಲ್ಲಿ ಹುಟ್ಟಿತು. ಕಲ್ಕತ್ತೆಯ ಬಗ್ಗೆ ಒಂದು ಕಥೆಯುಂಟು. ಅಲ್ಲಿ ದೊರೆಗಳು ಹೊಡೆದ ಚೆಂಡನ್ನು ಕೋತಿಗಳು ಇಳಿದು ಬಂದು ಎತ್ತಿಕೊಂಡು ಓಡುತ್ತಿದ್ದುವಂತೆ. ಬೇಲಿ ಹಾಕಿದರು, ಕೋತಿಗಳು ಹಾರಿದುವು. ಹಿಡಿದು ದೂರ ಬಿಟ್ಟರು, ಬೇರೆ ಕೋತಿಗಳು ಬಂದುವು. ಕಟ್ಟಕಡೆಗೆ, ಕೋತಿ ಎಲ್ಲಿ ಚೆಂಡನ್ನು ಬೀಳಿಸಿತೋ ಅಲ್ಲಿಂದಲೇ ಹೊಡೆಯತಕ್ಕದ್ದೆಂದು ನಿಯಮ ಮಾಡಿದರಂತೆ. ಇದು ಚರಿತ್ರೆಯೋ ಕಟ್ಟುಕಥೆಯೋ, ಗಾಲ್ಫ್ ಆಡುವವರು ಇದನ್ನು ಪುರಾಣಶ್ರವಣದ ಭಕ್ತಿಯಿಂದ ಹೇಳಿಕೊಳ್ಳುತ್ತಾರೆ. ಅವರ ಮೂಲಸೂತ್ರವನ್ನು ಇದಕ್ಕಿಂತ ಚೆನ್ನಾಗಿ ವಿವರಿಸುವ ದೃಷ್ಟಾಂತ ಬೇರೆ ಇಲ್ಲ.

ವ್ಯಾಕರಣದಲ್ಲಿ ಸೂತ್ರ ಮೊದಲೋ ಪ್ರಯೋಗ ಮೊದಲೋ ಎಂಬ ಜಿಜ್ಞಾಸೆ ಉಂಟಷ್ಟೆ. ಗಾಲ್ಫಿನಲ್ಲಿ ಈ ಸಂದೇಹಕ್ಕೆ ಎಡೆಯಿಲ್ಲ. ಜನ ಎಷ್ಟೋ ಕಾಲ ಆಡಿದ ಮೇಲೆ, 1744ರಲ್ಲಿ, ಸ್ಕಾಟ್ಲೆಂಡಿನ ಎಡಿನ್‌ಬರೊ ನಗರದವರು ಬೆಳ್ಳಿಯ ದಾಂಡೊಂದನ್ನು ಬಹುಮಾನವಾಗಿ ಕೊಟ್ಟರು. ಬಹುಮಾನ ಬಂದ ಕೂಡಲೇ ಜಗಳದ ಭಯವೂ ಬಂದಿತು. ಲೀತ್ ಎಂಬ ಬಯಲಿನಲ್ಲಿ ಆಡುತ್ತಿದ್ದ ಗೃಹಸ್ಥರು ಕುಳಿತು ಹದಿಮೂರು ನಿಯಮಗಳನ್ನು ಬರೆದರು. ಬರವಣಿಗೆಯಲ್ಲಿ ಉಳಿದುಬಂದಿರುವ ಗಾಲ್ಫ್ ನಿಯಮಗಳಲ್ಲಿ ಅತ್ಯಂತ ಹಳೆಯವು ಇವೇ. ಜಾನ್ ರ‍್ಯಾಟ್ರೆ ಎಂಬ ಶಸ್ತ್ರವೈದ್ಯ ಆ ವರ್ಷ ಗೆದ್ದ. ಹದಿಮೂರು ನಿಯಮಗಳನ್ನು ಓದಿದರೆ ಆ ಬಯಲು ಕಣ್ಣಿಗೆ ಕಟ್ಟುತ್ತದೆ. ಚೆಂಡಿನ ಮುಂದಿರುವ ಕಲ್ಲನ್ನಾಗಲಿ ಮೂಳೆಯನ್ನಾಗಲಿ ತೆಗೆಯಕೂಡದು ಎಂದು ಒಂದು ಕಡೆ ಇದೆ. ಅಂದರೆ ಆ ಹುಲ್ಲಿನಲ್ಲಿ ಮೂಳೆಗಳು ಬಿದ್ದಿರುತ್ತಿದ್ದುವು. ಮನುಷ್ಯನಾಗಲಿ ಕುದುರೆಯಾಗಲಿ ನಾಯಿಯಾಗಲಿ ಚೆಂಡನ್ನು ತಡೆದರೆ ನಿಂತಲ್ಲಿಂದಲೇ ಆಡತಕ್ಕದ್ದು ಎಂದು ಇನ್ನೊಂದು ಕಡೆ ಇದೆ. ಅಂದರೆ ಎಂದೋ ಯಾರದೋ ನಾಯಿ ಯಾರದೋ ಗೆಲುವಿಗೆ ಅಡ್ಡ ಬಂದಿರಬೇಕು. ಪ್ರತಿಯೊಂದು ವಾಕ್ಯದ ಹಿಂದೆಯೂ ಒಂದು ಮಧ್ಯಾಹ್ನದ ವಾಗ್ವಾದ ಅಡಗಿದೆ. ಆದರೆ ಹದಿಮೂರನೆಯ ನಿಯಮವನ್ನು ಮಾತ್ರ ನೆನಪಿನಲ್ಲಿಡಬೇಕು. ಬಯಲಿನ ರಕ್ಷಣೆಗಾಗಿ ತೋಡಿದ ಕಾಲುವೆ, ಸೈನಿಕರು ತೋಡಿದ ಸಾಲು ಮೊದಲಾದುವುಗಳಲ್ಲಿ ಚೆಂಡು ಬಿದ್ದರೆ ಅದನ್ನು ಎತ್ತಿ ಹೊರಗಿಟ್ಟು ಆಡಬಹುದು ಎಂದು ಅದು ಹೇಳುತ್ತದೆ. ಬಿದ್ದಲ್ಲಿಂದಲೇ ಹೊಡೆ ಎಂದವರೇ ಮೊದಲ ದಿನವೇ ಕನಿಕರಕ್ಕೂ ಒಂದು ಕಿಂಡಿ ಬಿಟ್ಟಿದ್ದರು.

ಆ ಕಿಂಡಿ ಎಷ್ಟು ಅಗಲವಾಗಿರಬೇಕೆಂಬುದೇ ಅಂದಿನಿಂದ ಇಂದಿನವರೆಗೆ ನಡೆದಿರುವ ವ್ಯಾಜ್ಯ.

ಸ್ಟೈಮಿ ಎಂಬುದೊಂದು ಇತ್ತು. ಇಬ್ಬರೇ ಎದುರುಬದುರಾಗಿ ಆಡುವ ಪಂದ್ಯದಲ್ಲಿ, ಕುಳಿಯ ಸುತ್ತಲಿನ ನುಣುಪಾದ ಹುಲ್ಲುಹಾಸಿನ ಮೇಲೆ, ಎದುರಾಳಿಯ ಚೆಂಡು ನಿಮ್ಮ ಚೆಂಡಿಗೂ ಕುಳಿಗೂ ನಡುವೆ ಸರಿಯಾಗಿ ಅಡ್ಡ ನಿಂತರೆ ಅದನ್ನು ಎತ್ತುವಂತಿರಲಿಲ್ಲ. ಎರಡು ಚೆಂಡುಗಳ ನಡುವೆ ಆರು ಅಂಗುಲಕ್ಕಿಂತ ಹೆಚ್ಚು ಅಂತರವಿದ್ದರೆ ಅದು ನಿಮ್ಮ ಹಣೆಯಬರಹ. ಬಳಸಿಯಾದರೂ ಹೋಗಿ, ಹಾರಿಸಿಯಾದರೂ ಹೋಗಿ. 1930ರಲ್ಲಿ ಸೇಂಟ್ ಆಂಡ್ರೂಸ್‌ನಲ್ಲಿ ನಡೆದ ಬ್ರಿಟಿಷ್ ಹವ್ಯಾಸಿ ಪಂದ್ಯದಲ್ಲಿ ಅಮೆರಿಕದ ಬಾಬಿ ಜೋನ್ಸ್ ಇಂಗ್ಲೆಂಡಿನ ಸಿರಿಲ್ ಟಾಲಿಯನ್ನು ಸೋಲಿಸಿದ್ದು ಹೀಗೆಯೇ. ಹದಿನೆಂಟು ಕುಳಿಗಳಲ್ಲೂ ಸಮಸಮ. ಹತ್ತೊಂಬತ್ತನೆಯದರಲ್ಲಿ ಜೋನ್ಸನ ಚೆಂಡು ಹೋಗಿ ಟಾಲಿಯ ದಾರಿಗೆ ಅಡ್ಡ ನಿಂತಿತು, ಪಂದ್ಯ ಮುಗಿಯಿತು. ಆ ವರ್ಷ ಜೋನ್ಸ್ ಗೆದ್ದ ನಾಲ್ಕು ಮಹಾ ಪ್ರಶಸ್ತಿಗಳ ಕೀರ್ತಿಯಲ್ಲಿ ಆ ಅಡ್ಡಗಟ್ಟಿದ ಚೆಂಡಿಗೂ ಒಂದು ಪಾಲು ಸಲ್ಲಬೇಕು. ಅನ್ಯಾಯವೆಂದು ಕೂಗಿದವರು ಎಷ್ಟು ಮಂದಿಯೋ! ಆಟಕ್ಕೆ ಅದೇ ಜೀವಾಳವೆಂದು ವಾದಿಸಿದವರೂ ಕಡಿಮೆಯಿರಲಿಲ್ಲ. ಜೋನ್ಸ್ ಅವರ ಪೈಕಿ. ಸೇಂಟ್ ಆಂಡ್ರೂಸ್‌ನವರೂ ಅಮೆರಿಕದ ಗಾಲ್ಫ್ ಸಂಘದವರೂ ಕೂಡಿ ಕುಳಿತು ಎರಡು ದೇಶಗಳ ನಿಯಮಗಳನ್ನು ಒಂದುಗೂಡಿಸಿದಾಗ, 1952ರಿಂದ ಜಾರಿಗೆ ಬಂದ ಆ ಸಂಹಿತೆಯಲ್ಲಿ ಸ್ಟೈಮಿ ಕಾಣೆಯಾಯಿತು. ಆಟ ಸತ್ತೇಹೋಯಿತೆಂದು ವೃದ್ಧರು ಮರುಗಿದರು. ಆಟ ಸಾಯಲಿಲ್ಲ. ಇಂದು ಆ ಮಾತಿನ ಅರ್ಥವೇ ಎಷ್ಟೋ ಆಟಗಾರರಿಗೆ ತಿಳಿಯದು.

ಆದುದರಿಂದ ನಿಯಮವನ್ನು ಬದಲಾಯಿಸಿದರೆ ಆಟ ಕೆಡುತ್ತದೆಂಬ ಹೆದರಿಕೆಗೆ ಬೆಲೆ ಕೊಡಬೇಕಾಗಿಲ್ಲ. ಯಾವುದನ್ನು ಬದಲಾಯಿಸಬೇಕು ಎಂಬುದಷ್ಟೆ ಪ್ರಶ್ನೆ. ಇಂದಿನ ಆಟಗಾರರನ್ನು ಕೇಳಿದರೆ ಹೆಚ್ಚಿನವರ ಬಾಯಿಂದ ಮೊದಲು ಬರುವುದು ಡಿವಟ್ ಎಂಬ ಶಬ್ದ. ದಾಂಡನ್ನು ಬೀಸಿ ಹೊಡೆದಾಗ ಚೆಂಡಿನ ಜೊತೆಗೆ ಅಂಗೈಯಗಲದ ಹುಲ್ಲಿನ ಹೆಂಟೆಯೂ ಕಿತ್ತು ಹಾರುವುದುಂಟು. ಆ ಹೆಂಟೆಗೂ, ಅದು ಎದ್ದ ಗಾಯದಂಥ ಹಳ್ಳಕ್ಕೂ ಆ ಹೆಸರು. ಸೌಜನ್ಯವುಳ್ಳವರು ಹೆಂಟೆಯನ್ನು ಮತ್ತೆ ಕೂರಿಸುತ್ತಾರೆ, ಇಲ್ಲವೆ ಹಳ್ಳಕ್ಕೆ ಮರಳು ತುಂಬುತ್ತಾರೆ. ಈಗ ನೀವು ಇನ್ನೂರೈವತ್ತು ಗಜ ದೂರಕ್ಕೆ, ಬಾಣ ಬಿಟ್ಟಂತೆ, ಬಯಲಿನ ನಟ್ಟನಡುವಿಗೆ ಹೊಡೆದಿದ್ದೀರಿ. ಎದುರಾಳಿ ಕಾಡಿಗೆ ಹೊಡೆದಿದ್ದಾನೆ. ಹೋಗಿ ನೋಡಿದರೆ ನಿಮ್ಮ ಚೆಂಡು ಯಾರೋ ಬೆಳಗ್ಗೆ ಕಿತ್ತ ಹಳ್ಳದಲ್ಲಿ ಕುಳಿತಿದೆ. ಆತನ ಚೆಂಡು ಮರಕ್ಕೆ ಬಡಿದು ಚಿಮ್ಮಿ ಮೆತ್ತನೆಯ ಹುಲ್ಲಿನ ಮೇಲೆ ಮಲಗಿದೆ. ನಿಯಮ ಹೇಳುತ್ತದೆ: ಬಿದ್ದಲ್ಲಿಂದಲೇ ಹೊಡೆ. ಯಾರು ತಾನೆ ಹಲ್ಲು ಕಡಿಯದಿರುವರು?

1998ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಗರದ ಒಲಿಂಪಿಕ್ ಕ್ಲಬ್ಬಿನಲ್ಲಿ ಅಮೆರಿಕದ ಓಪನ್ ಪಂದ್ಯದ ಕೊನೆಯ ದಿನ ಪೇನ್ ಸ್ಟೂವರ್ಟ್‌ಗೆ ಆದದ್ದು ಇದೇ. ಬೆಳಗ್ಗೆ ಆತ ನಾಲ್ಕು ಹೊಡೆತಗಳಷ್ಟು ಮುಂದಿದ್ದ. ಹನ್ನೆರಡನೆಯ ಕುಳಿಗೆ ಹೊಡೆದ ಚೆಂಡು ನಡುಬಯಲಿನಲ್ಲಿಯೇ ಬಿದ್ದಿತು. ಆದರೆ ಮರಳು ತುಂಬಿದ ಹಳ್ಳದಲ್ಲಿ. ಮುಂದಿನ ಹೊಡೆತ ಮರಳುಗುಂಡಿಗೆ ಹೋಯಿತು, ಒಂದು ಹೊಡೆತ ಹೆಚ್ಚಾಗಿ ವ್ಯಯವಾಯಿತು. ದಿನ ಮುಗಿದಾಗ ಆತ ಲೀ ಜಾನ್ಜೆನ್‌ಗೆ ಸೋತದ್ದು ಒಂದೇ ಹೊಡೆತದಿಂದ. ಆ ಹಳ್ಳವೊಂದೇ ಸೋಲಿಸಿತೆಂದು ಹೇಳುವಂತಿಲ್ಲ. ಆ ದಿನ ಆತ ಬೇರೆ ಕಡೆಗಳಲ್ಲೂ ಹೊಡೆತಗಳನ್ನು ಕಳೆದುಕೊಂಡಿದ್ದ. ಆದರೂ ಡಿವಟ್‌ನ ಮಾತು ಬಂದಾಗಲೆಲ್ಲ ಆ ಮರಳಿನ ಹಳ್ಳ ನೆನಪಿಗೆ ಬರುತ್ತದೆ.

ಬದಲಾವಣೆ ಕೇಳುವವರ ವಾದದಲ್ಲಿ ಬಲವಿಲ್ಲದಿಲ್ಲ. ಸೈನಿಕರು ತೋಡಿದ ಸಾಲಿಗೆ 1744ರಲ್ಲೇ ವಿನಾಯಿತಿ ಇದ್ದಮೇಲೆ, ಆಟಗಾರ ಕಿತ್ತ ಹಳ್ಳಕ್ಕೆ ಏಕಿರಬಾರದು? ಎರಡೂ ಮನುಷ್ಯಕೃತವೇ ತಾನೆ? ಮೊಲ ತೋಡಿದ ಬಿಲಕ್ಕೆ ಇಂದಿಗೂ ವಿನಾಯಿತಿಯುಂಟು. ಮೊಲಕ್ಕಿರುವ ಮರ್ಯಾದೆ ಮನುಷ್ಯನಿಗೆ ಬೇಡವೆ? ಮಳೆಗಾಲದಲ್ಲಿ ನೆಲ ಕೆಟ್ಟಾಗ ಚೆಂಡನ್ನೆತ್ತಿ ಒರಸಿ ಪಕ್ಕಕ್ಕಿಡಲು ಸಮಿತಿಯವರೇ ಅಪ್ಪಣೆ ಕೊಡುವುದೂ ಉಂಟು. ಇಷ್ಟೆಲ್ಲ ಸಡಿಲಿಸಿದವರು ಇದೊಂದರಲ್ಲಿ ಏಕೆ ಬಿಗಿಹಿಡಿಯಬೇಕು?

ಆದರೂ ಇದೊಂದನ್ನು ಬಿಡದಿರುವುದೇ ಮೇಲು. ಅದೃಷ್ಟವೂ ಆಟದ ಒಂದು ಅಂಗ ಎಂಬ ಹಳೆಯ ಮಾತಿಗಾಗಿ ಅಲ್ಲ. ಆ ಮಾತನ್ನು ಹೇಳುವುದು ಸಾಮಾನ್ಯವಾಗಿ ಅದೃಷ್ಟ ಚೆನ್ನಾಗಿದ್ದವರೇ. ಕಾರಣ ಬೇರೆಯಿದೆ. ಬೆಳಗ್ಗೆ ಕಿತ್ತ ಹಳ್ಳ ಹಳ್ಳವೇ ಸರಿ. ನಿನ್ನೆಯದು? ಅರ್ಧ ಹುಲ್ಲು ಬೆಳೆದ ಕಳೆದ ವಾರದ್ದು? ಸ್ವಲ್ಪ ತಗ್ಗಾದ ನೆಲ ಯಾವ ಗಳಿಗೆಯಲ್ಲಿ ಡಿವಟ್ ಆಗುತ್ತದೆ, ಯಾವ ಗಳಿಗೆಯಲ್ಲಿ ಮತ್ತೆ ನೆಲವಾಗುತ್ತದೆ? ತೀರ್ಪುಗಾರನಿದ್ದರೆ ಅವನ ಮೇಲೆ ಹಾಕಿಬಿಡಬಹುದಾಗಿತ್ತು. ಇಲ್ಲಿ ನಿರ್ಣಯಿಸುವವನು ಗೆಲ್ಲಲು ಹಂಬಲಿಸುತ್ತಿರುವ ಅದೇ ಆಟಗಾರ. ಎಲ್ಲೆ ಸ್ಪಷ್ಟವಾಗಿರುವ ಕಡೆ ಪ್ರಾಮಾಣಿಕನು ಪ್ರಾಮಾಣಿಕನಾಗಿಯೇ ಉಳಿಯುತ್ತಾನೆ. ಎಲ್ಲೆ ಮಸುಕಾದ ಕಡೆ ಒಳ್ಳೆಯವನ ಕಣ್ಣಿಗೂ ತಗ್ಗು ಹಳ್ಳವಾಗಿ ಕಾಣತೊಡಗುತ್ತದೆ. ಸುಳ್ಳು ಹೇಳಬೇಕಾದ ಅಗತ್ಯವೇ ಇಲ್ಲ, ಆಸೆಯೊಂದಿದ್ದರೆ ಸಾಕು.

ಬಾಬಿ ಜೋನ್ಸನದೇ ಇನ್ನೊಂದು ಪ್ರಸಂಗ ಇಲ್ಲಿ ಸಲ್ಲುತ್ತದೆ. 1925ರಲ್ಲಿ ಅಮೆರಿಕದ ವೂಸ್ಟರ್ ಎಂಬಲ್ಲಿ ಓಪನ್ ಪಂದ್ಯ. ಉದ್ದ ಹುಲ್ಲಿನಲ್ಲಿದ್ದ ಚೆಂಡಿಗೆ ದಾಂಡನ್ನು ಹವಣಿಸುವಾಗ ಚೆಂಡು ಕೊಂಚ ಕದಲಿತೆಂದು ಆತನಿಗೆ ಅನ್ನಿಸಿತು. ಬೇರೆ ಯಾರೂ ಕಾಣಲಿಲ್ಲ. ಅಧಿಕಾರಿಗಳು ವಿಚಾರಿಸಿದರೂ ಸಾಕ್ಷಿ ಸಿಗಲಿಲ್ಲ. ಜೋನ್ಸ್ ತನಗೆ ತಾನೇ ಒಂದು ಹೊಡೆತದ ದಂಡ ಹಾಕಿಕೊಂಡ. ಕೊನೆಗೆ ವಿಲಿ ಮ್ಯಾಕ್‌ಫಾರ್ಲೇನ್ ಜೊತೆ ಸಮವಾಗಿ, ಮರುಪಂದ್ಯವಾಡಿ ಸೋತ. ಆ ಒಂದು ಹೊಡೆತವಿಲ್ಲದಿದ್ದರೆ ಮರುಪಂದ್ಯವೇ ಬೇಕಿರಲಿಲ್ಲ. ಜನ ಹೊಗಳಿದಾಗ, ಬ್ಯಾಂಕನ್ನು ಕೊಳ್ಳೆಹೊಡೆಯಲಿಲ್ಲವೆಂದು ಯಾರನ್ನಾದರೂ ಹೊಗಳುತ್ತಾರೆಯೇ ಎಂಬರ್ಥದ ಮಾತನ್ನು ಆಡಿದನಂತೆ. ಜೋನ್ಸ್ ದೊಡ್ಡವನೇ. ಆದರೆ ನಿಯಮವೂ ಆತನಿಗೆ ನೆರವಾಯಿತೆಂಬುದನ್ನು ಮರೆಯಬಾರದು. ಕದಲಿತೋ ಇಲ್ಲವೋ ಎಂಬುದಷ್ಟೆ ಅಲ್ಲಿದ್ದ ಪ್ರಶ್ನೆ. ಎಷ್ಟು ಕದಲಿತು, ಕದಲಿದ್ದರಿಂದ ಲಾಭವಾಯಿತೇ ಎಂದು ಕೇಳುವ ನಿಯಮವಾಗಿದ್ದರೆ ಆ ಹುಲ್ಲಿನ ಮರೆಯಲ್ಲಿ ಆತನೂ ಬಹಳ ಹೊತ್ತು ನಿಲ್ಲಬೇಕಾಗುತ್ತಿತ್ತು.

ಇನ್ನು ಎರಡನೆಯ ಬಗೆಯ ದೂರು. ಇದು ನಿಜವಾದ ದೂರು. ಗಾಲ್ಫಿನಲ್ಲಿ ಆಟಗಾರ ತನ್ನ ಹೊಡೆತಗಳನ್ನು ತಾನೇ ಬರೆಯುವುದಿಲ್ಲ. ಜೊತೆಗಾರ ಬರೆಯುತ್ತಾನೆ, ಆಟ ಮುಗಿದ ಮೇಲೆ ಪ್ರತಿಯೊಂದು ಕುಳಿಯ ಅಂಕಿಯನ್ನೂ ನೋಡಿ, ಸರಿಯೆಂದು ರುಜು ಹಾಕುವುದು ಆಟಗಾರನ ಹೊಣೆ. ರುಜು ಹಾಕಿ ಕೊಟ್ಟ ಮೇಲೆ, ನಿಜವಾಗಿ ಹೊಡೆದದ್ದಕ್ಕಿಂತ ಹೆಚ್ಚು ಬರೆದಿದ್ದರೆ ಆ ಹೆಚ್ಚಿನದೇ ಖಾಯಂ. ಕಡಿಮೆ ಬರೆದಿದ್ದರೆ ಸ್ಪರ್ಧೆಯಿಂದಲೇ ಉಚ್ಚಾಟನೆ. ಇದೇ ನಿಯಮ.

1968ನೆಯ ಇಸವಿ ಏಪ್ರಿಲ್ 14. ಅಮೆರಿಕದ ಅಗಸ್ಟಾ ಎಂಬಲ್ಲಿ ಮಾಸ್ಟರ್ಸ್ ಪಂದ್ಯದ ಕಡೆಯ ದಿನ. ಅರ್ಜೆಂಟೀನಾದ ರಾಬರ್ಟೊ ಡಿ ವಿಸೆಂಜೊಗೆ ಅಂದು ನಲವತ್ತೈದು ತುಂಬಿದ ಹುಟ್ಟುಹಬ್ಬ. ಹಿಂದಿನ ವರ್ಷವಷ್ಟೆ ಬ್ರಿಟಿಷ್ ಓಪನ್ ಗೆದ್ದು ಬಂದಿದ್ದ. ಮೊದಲನೆಯ ಕುಳಿಯಲ್ಲಿಯೇ ದೂರದಿಂದ ಹೊಡೆದ ಎರಡನೆಯ ಹೊಡೆತ ನೇರವಾಗಿ ಕುಳಿಯೊಳಕ್ಕೆ ಇಳಿಯಿತು. ನೆರೆದ ಜನ ಹುಟ್ಟುಹಬ್ಬದ ಹಾಡನ್ನೇ ಹಾಡಿದರು. ದಿನವೆಲ್ಲ ಹಾಗೆಯೇ ಸಾಗಿತು. ಹದಿನೇಳನೆಯ ಕುಳಿಯನ್ನು ಮೂರೇ ಹೊಡೆತಗಳಲ್ಲಿ ಮುಗಿಸಿದ. ಸುತ್ತ ನಿಂತ ಜನ ಕಂಡರು, ಟೆಲಿವಿಷನ್ನಿನಲ್ಲಿ ಲಕ್ಷಾಂತರ ಜನ ಕಂಡರು. ಹದಿನೆಂಟನೆಯದರಲ್ಲಿ ಒಂದು ಹೊಡೆತ ಹೆಚ್ಚಾಯಿತು. ಆ ಬೇಸರದಲ್ಲಿಯೇ ಬಂದು ಮೇಜಿನ ಮುಂದೆ ಕುಳಿತ. ಜೊತೆಗಾರ ಟಾಮಿ ಏರನ್ ಹದಿನೇಳನೆಯ ಕುಳಿಗೆ ಮೂರರ ಬದಲು ನಾಲ್ಕು ಎಂದು ಬರೆದಿದ್ದ. ಡಿ ವಿಸೆಂಜೊ ನೋಡಲಿಲ್ಲ, ರುಜು ಹಾಕಿದ.

ನಾಲ್ಕು ದಿನಗಳ ಲೆಕ್ಕದಲ್ಲಿ ಆತನೂ ಬಾಬ್ ಗೋಲ್ಬಿಯೂ 277 ಹೊಡೆತಗಳೊಡನೆ ಸಮನಾಗಿದ್ದರು. ಮರುದಿನ ಇಬ್ಬರಿಗೂ ಮರುಪಂದ್ಯ ನಡೆಯಬೇಕಾಗಿತ್ತು. ರುಜು ಬಿದ್ದಿದ್ದರಿಂದ ಅದು 278 ಆಯಿತು. ಅಧಿಕಾರಿಗಳು ಕಂಗಾಲಾದರು. ಆ ಪಂದ್ಯವನ್ನು ಸ್ಥಾಪಿಸಿದವರಲ್ಲಿ ಒಬ್ಬನೂ, ನಡೆದಾಡಲಾರದಂಥ ಕಾಯಿಲೆಯಿಂದ ನರಳುತ್ತಿದ್ದವನೂ ಆದ ಬಾಬಿ ಜೋನ್ಸನನ್ನು ಕೇಳಿಕೊಂಡು ಬಂದರಂತೆ, ಏನಾದರೂ ದಾರಿಯುಂಟೆ ಎಂದು. ದಾರಿಯಿರಲಿಲ್ಲ. ಹಿಂದೊಮ್ಮೆ ಯಾರೂ ಕಾಣದ ಹೊಡೆತವನ್ನು ತನ್ನ ಲೆಕ್ಕಕ್ಕೆ ಸೇರಿಸಿಕೊಂಡಿದ್ದ ಮುದುಕನ ಮುಂದೆ, ಎಲ್ಲರೂ ಕಂಡ ಹೊಡೆತವೊಂದರ ಲೆಕ್ಕ ತಪ್ಪಿದ ವ್ಯಾಜ್ಯ ಬಂದು ನಿಂತಿತ್ತು. ಎರಡು ಸಲವೂ ಪುಸ್ತಕವೇ ಗೆದ್ದಿತು.

ಡಿ ವಿಸೆಂಜೊ ಯಾರನ್ನೂ ದೂರಲಿಲ್ಲ. ಏರನ್‌ನ ಮೇಲೆ ಒಂದು ಕಟುವಾದ ಮಾತನ್ನೂ ಆಡದೆ, ತನ್ನ ಒಡಕು ಇಂಗ್ಲಿಷಿನಲ್ಲಿ ತಾನೆಂಥ ದಡ್ಡನೆಂದು ತನ್ನನ್ನೇ ಹಳಿದುಕೊಂಡ. ಆತನ ಸೌಜನ್ಯವನ್ನು ಮೆಚ್ಚಿ ಅಮೆರಿಕದ ಗಾಲ್ಫ್ ಸಂಘದವರು 1970ರಲ್ಲಿ ಪ್ರಶಸ್ತಿಯೊಂದನ್ನು ಕೊಟ್ಟರು. ಪ್ರಶಸ್ತಿಯ ಹೆಸರೇನೆಂದರೆ ಬಾಬ್ ಜೋನ್ಸ್ ಪ್ರಶಸ್ತಿ! ನಿಯಮದಿಂದ ಕಸಿದುಕೊಂಡದ್ದನ್ನು ನಿಯಮದವರೇ ಬೇರೊಂದು ರೂಪದಲ್ಲಿ ಹಿಂದಿರುಗಿಸಲು ಯತ್ನಿಸಿದಂತಾಯಿತು. ಗೋಲ್ಬಿಯ ಪಾಡು ಇನ್ನೂ ಕಷ್ಟ. ಆತ ಮಾಡಿದ ತಪ್ಪೇನೂ ಇರಲಿಲ್ಲ. ಚೆನ್ನಾಗಿ ಆಡಿದ್ದ, ಅಷ್ಟೆ. ಆದರೂ ಬೈಗುಳದ ಪತ್ರಗಳು ಆತನಿಗೆ ಬಂದುವು. 2022ರಲ್ಲಿ ಸಾಯುವವರೆಗೂ ಆತ ಪೆನ್ಸಿಲ್ಲಿನಿಂದ ಗೆದ್ದವನಾಗಿಯೇ ಉಳಿದ. ನಾಲ್ಕು ಎಂದು ಬರೆದ ಏರನ್ ಅದೇ ಅಗಸ್ಟಾದಲ್ಲಿ 1973ರಲ್ಲಿ ಗೆದ್ದ. ಆ ಕೊನೆಯ ದಿನ ಜೊತೆಗಾರ ತನ್ನ ಚೀಟಿಯಲ್ಲಿ ಒಂದು ಹೊಡೆತ ಹೆಚ್ಚು ಬರೆದಿದ್ದನ್ನು ರುಜುವಿಗೆ ಮೊದಲು ಕಂಡುಹಿಡಿದು ತಿದ್ದಿಸಿದ್ದ. ಪಾಠ ಕಲಿತವನು ಒಬ್ಬನಾದರೂ ಇದ್ದ.

ಇದಕ್ಕಿಂತ ಹೃದಯವಿದ್ರಾವಕವಾದುದು 1957ರ ಅಮೆರಿಕದ ಮಹಿಳೆಯರ ಓಪನ್. ಹವಾಯಿ ದ್ವೀಪದ ಜಾಕಿ ಪಂಗ್ ಎಂಬಾಕೆ ಒಂದು ಹೊಡೆತದ ಅಂತರದಿಂದ ಗೆದ್ದಿದ್ದಳು. ಆಕೆಯೂ ಜೊತೆಗಾರ್ತಿಯೂ ನಾಲ್ಕನೆಯ ಕುಳಿಗೆ ಆರು ಆರು ಹೊಡೆತ ಹೊಡೆದು, ಪರಸ್ಪರರ ಚೀಟಿಯಲ್ಲಿ ಐದು ಐದು ಎಂದು ಬರೆದುಬಿಟ್ಟಿದ್ದರು. ಪಂಗ್‌ಳ ಚೀಟಿಯಲ್ಲಿ ಒಟ್ಟು ಮೊತ್ತ 72 ಎಂದು ಸರಿಯಾಗಿಯೇ ಇತ್ತು! ಒಬ್ಬ ಜವಾನನನ್ನು ಕರೆದು ಕೂಡಿಸಲು ಹೇಳಿದ್ದರೂ ತಪ್ಪು ಎಲ್ಲಿದೆಯೆಂದು ಗೊತ್ತಾಗುತ್ತಿತ್ತು. ಆದರೆ ನಿಯಮ ಮೊತ್ತವನ್ನು ಕೇಳುವುದಿಲ್ಲ, ಒಂದೊಂದು ಕುಳಿಯ ಅಂಕಿಯನ್ನು ಕೇಳುತ್ತದೆ. ಪಂಗ್ ಸ್ಪರ್ಧೆಯಿಂದ ಹೊರಗಾದಳು. ಪಂದ್ಯ ನಡೆದ ವಿಂಗ್ಡ್ ಫುಟ್ ಕ್ಲಬ್ಬಿನ ಸದಸ್ಯರು ತಾಳಲಾರದೆ ಅಲ್ಲಿಯೇ ಟೋಪಿ ಹಿಡಿದು ಚಂದಾ ಎತ್ತಿದರು. ಕೂಡಿದ ಹಣ ಮೊದಲ ಬಹುಮಾನದ ಹಣವನ್ನೇ ಮೀರಿತು. ನಿಯಮ ತಪ್ಪೆಂದು ಅದನ್ನು ಪಾಲಿಸುವವರೇ ತಮ್ಮ ಜೇಬಿನಿಂದ ರುಜುವಾತುಪಡಿಸಿದ ಉದಾಹರಣೆ ಬೇರೆ ಆಟಗಳಲ್ಲಿ ಅಪರೂಪ.

ರುಜುವಿಗೆ ಬೆಲೆಯಿಲ್ಲದಿದ್ದರೆ ಆಟಕ್ಕೇ ಬೆಲೆಯಿಲ್ಲ ಎಂದು ಸಂಪ್ರದಾಯವಾದಿಗಳು ಹೇಳುತ್ತಾರೆ. ಸಾವಿರಾರು ಹಳ್ಳಿಗಾಡಿನ ಕ್ಲಬ್ಬುಗಳಲ್ಲಿ ಕಾಯುವವರಿಲ್ಲದೆ ಪಂದ್ಯಗಳು ನಡೆಯುವುದು ಆ ರುಜುವಿನ ಮೇಲೆಯೇ ಎಂಬುದು ನಿಜ. ಸುಳ್ಳು ಬರೆದವನನ್ನು ಹೊರಗಟ್ಟಲಿ, ಯಾರೂ ಬೇಡವೆನ್ನುವುದಿಲ್ಲ. ಆದರೆ ಪ್ರತಿ ಹೊಡೆತವನ್ನೂ ಲೆಕ್ಕಿಗರು ಬರೆದುಕೊಳ್ಳುತ್ತಿರುವಾಗ, ಕ್ಯಾಮೆರಾಗಳು ಹಿಡಿಯುತ್ತಿರುವಾಗ, ಆಟಗಾರ ಪೆನ್ಸಿಲ್ ಹಿಡಿದು ಮಾಡುವ ತಪ್ಪಿನಿಂದ ಮೋಸಹೋಗುವವರು ಯಾರು? ಡಿವಟ್‌ನಲ್ಲಿ ಬಿದ್ದ ಚೆಂಡು ಆಟದಲ್ಲಿ ನಡೆದ ಸಂಗತಿ. ಅದನ್ನು ಆಟದಿಂದಲೇ ಎದುರಿಸಬಹುದು, ಚತುರನು ಅಲ್ಲಿಂದಲೂ ಕುಳಿಯ ಬಳಿಗೆ ಹೊಡೆದಾನು. ಚೀಟಿಯಲ್ಲಿ ಬಿದ್ದ ತಪ್ಪು ಅಂಕಿಯನ್ನು ಯಾವ ದಾಂಡಿನಿಂದ ಹೊಡೆಯುವುದು? 2024ರಲ್ಲಿಯೂ, ಕ್ಯಾಲಿಫೋರ್ನಿಯದ ರಿವಿಯೆರಾದಲ್ಲಿ, ಜೋರ್ಡನ್ ಸ್ಪೀತ್‌ನಂಥ ಪ್ರಸಿದ್ಧ ಆಟಗಾರ ನಾಲ್ಕನೆಯ ಕುಳಿಗೆ ನಾಲ್ಕರ ಬದಲು ಮೂರು ಎಂದಿದ್ದ ಚೀಟಿಗೆ ರುಜು ಹಾಕಿ ಉಚ್ಚಾಟಿತನಾದ. ಆತನೂ ತನ್ನನ್ನೇ ಹಳಿದುಕೊಂಡ. ಈ ಆಟಗಾರರ ಸೌಜನ್ಯವೇ ಆ ನಿಯಮದ ಆಯುಸ್ಸನ್ನು ಬೆಳೆಸುತ್ತಿದೆಯೋ ಏನೋ!

ಕ್ಯಾಮೆರಾದ ಮಾತು ಬಂದಿತಷ್ಟೆ. ಅದು ತಂದ ಫಜೀತಿಯೂ ಸ್ವಾರಸ್ಯವಾದುದೇ. 1987ರಲ್ಲಿ ಸ್ಯಾನ್ ಡಿಯೇಗೊ ಬಳಿಯ ಟೋರಿ ಪೈನ್ಸ್‌ನಲ್ಲಿ ಕ್ರೇಗ್ ಸ್ಟ್ಯಾಡ್ಲರ್ ಎಂಬ ದಪ್ಪ ಮೀಸೆಯ ಆಟಗಾರನ ಚೆಂಡು ಮರವೊಂದರ ಬಾಗಿದ ಕೊಂಬೆಗಳ ಕೆಳಗೆ ಹೋಯಿತು. ಮಂಡಿಯೂರಿ ಹೊಡೆಯದೆ ಗತಿಯಿರಲಿಲ್ಲ. ಷರಾಯಿ ಕೊಳೆಯಾದೀತೆಂದು ನೆಲದ ಮೇಲೆ ಟವಲು ಹಾಸಿಕೊಂಡ. ನಿಲ್ಲುವುದಕ್ಕೆ ಆಸರೆ ಕಟ್ಟಿಕೊಂಡಂತಾಯಿತೆಂದು ಟೆಲಿವಿಷನ್ ನೋಡುತ್ತಿದ್ದವರು ಮನೆಯಿಂದಲೇ ಫೋನ್ ಮಾಡಿದರು. ಅಷ್ಟರಲ್ಲಿ ಹಿಂದಿನ ದಿನದ ಚೀಟಿಗೆ ರುಜು ಬಿದ್ದಾಗಿತ್ತು. ದಂಡ ಸೇರದ ಚೀಟಿ ತಪ್ಪು ಚೀಟಿ. ತಪ್ಪು ಚೀಟಿಗೆ ಉಚ್ಚಾಟನೆ. ಷರಾಯಿಯ ಮೇಲಿನ ಪ್ರೀತಿಗೆ ಎರಡನೆಯ ಸ್ಥಾನ ಬಲಿಯಾಯಿತು. ಎಂಟು ವರ್ಷಗಳಾದ ಮೇಲೆ ಆ ಮರಕ್ಕೆ ರೋಗ ತಗುಲಿದಾಗ ಅದನ್ನು ಕಡಿಯಲು ಸ್ಟ್ಯಾಡ್ಲರ್‌ನನ್ನೇ ಕರೆದರು. ಆತ ಗರಗಸದ ಯಂತ್ರ ಹಿಡಿದು ಬಂದು ಸಂತೋಷದಿಂದ ಕೆಡವಿದ.

2017ರಲ್ಲಿ ಲೆಕ್ಸಿ ಥಾಂಪ್ಸನ್ ಎಂಬ ತರುಣಿಗೆ ಬಂದ ಪಾಡಿನಲ್ಲಿ ನಗುವಂಥದೇನೂ ಇರಲಿಲ್ಲ. ಶನಿವಾರ ಹುಲ್ಲುಹಾಸಿನ ಮೇಲೆ ಚೆಂಡನ್ನೆತ್ತಿ ಮತ್ತೆ ಇಡುವಾಗ ಸುಮಾರು ಅಂಗುಲದಷ್ಟು ಜಾಗ ತಪ್ಪಿತು. ಭಾನುವಾರ ಯಾರೋ ಪ್ರೇಕ್ಷಕರು ಅಧಿಕಾರಿಗಳಿಗೆ ಬರೆದು ತಿಳಿಸಿದರು. ಪಂದ್ಯದಲ್ಲಿ ಮುಂದಿದ್ದು ಹನ್ನೆರಡು ಕುಳಿಗಳನ್ನು ಮುಗಿಸಿ ಬರುತ್ತಿದ್ದ ಆಕೆಗೆ ನಾಲ್ಕು ಹೊಡೆತಗಳ ದಂಡವೆಂದು ಅಲ್ಲಿಯೇ ಹೇಳಿದರು: ತಪ್ಪು ಜಾಗಕ್ಕೆ ಎರಡು, ತಪ್ಪು ಚೀಟಿಗೆ ಎರಡು. ಕಣ್ಣೀರೊರೆಸಿಕೊಳ್ಳುತ್ತಲೇ ಆಕೆ ಮತ್ತೆ ಸಮಬಲ ಸಾಧಿಸಿ, ಮರುಪಂದ್ಯದಲ್ಲಿ ಸೋತಳು. ಈ ಸಲ ಕೂಗು ಬಲವಾಗಿಯೇ ಎದ್ದಿತು. 2018ರಿಂದ ಮನೆಯಲ್ಲಿ ಕುಳಿತವರ ದೂರುಗಳನ್ನು ಸ್ವೀಕರಿಸುವುದು ನಿಂತಿತು; ತನಗೆ ತಿಳಿಯದ ದಂಡವನ್ನು ಬಿಟ್ಟು ರುಜು ಹಾಕಿದವರಿಗೆ ಮೇಲೆರಡು ಹೊಡೆತ ಹೇರುವುದೂ ನಿಂತಿತು.

2019ರಲ್ಲಿ ಇಡೀ ಪುಸ್ತಕವನ್ನೇ ಪರಿಷ್ಕರಿಸಿದರು. 34 ನಿಯಮಗಳು 24 ಆದುವು. ಕಳೆದ ಚೆಂಡನ್ನು ಐದು ನಿಮಿಷ ಹುಡುಕಬಹುದಾಗಿದ್ದದ್ದು ಮೂರಕ್ಕೆ ಇಳಿಯಿತು. ಕುಳಿಯ ಬಾವುಟದ ಕೋಲನ್ನು ಕೀಳದೆಯೇ ಚೆಂಡು ಉರುಳಿಸಬಹುದಾಯಿತು. ಹುಲ್ಲುಹಾಸಿನ ಮೇಲೆ ಚೆಂಡು ಅಕಸ್ಮಾತ್ತಾಗಿ ಕದಲಿದರೆ ದಂಡವಿಲ್ಲವೆಂದಾಯಿತು. ಎಲ್ಲವೂ ಬಹುಕಾಲದ ಬೇಡಿಕೆಗಳೇ. ಇನ್ನು ಮೇಲಾದರೂ ಜಗಲಿಯ ಉಪನ್ಯಾಸಗಳು ನಿಂತಾವೆಂದು ಯಾರಾದರೂ ನಂಬಿದ್ದರೆ ಅವರಿಗೆ ಮನುಷ್ಯಸ್ವಭಾವ ತಿಳಿಯದು. ವಿನಾಯಿತಿ ದೊರೆತಾಗ ಚೆಂಡನ್ನು ಭುಜದೆತ್ತರದಿಂದ ಬೀಳಿಸಬೇಕೆಂದಿದ್ದ ನಿಯಮವನ್ನು ಮೊಣಕಾಲೆತ್ತರದಿಂದ ಎಂದು ತಿದ್ದಿದ್ದರು. ಒಂದೆರಡು ತಿಂಗಳಾಗುವಷ್ಟರಲ್ಲಿ, ಮೆಕ್ಸಿಕೊದಲ್ಲಿ, ರಿಕಿ ಫೌಲರ್ ಹಳೆಯ ಅಭ್ಯಾಸಬಲದಿಂದ ಭುಜದೆತ್ತರದಿಂದಲೇ ಬಿಟ್ಟ. ಒಂದು ಹೊಡೆತ ದಂಡ! ಹಿಂದಿನ ವರ್ಷ ಆತ ಮಾಡಿದ್ದು ಸರಿ, ಈ ವರ್ಷ ಅದೇ ತಪ್ಪು. ಬದಲಾಯಿಸಬೇಕಾದ ನಿಯಮಗಳ ಪಟ್ಟಿಗೆ ಹೊಸದಾಗಿ ಬದಲಾದ ನಿಯಮವೊಂದು ಸೇರಿತು.

ಬಹುಮಾನದ ಹಂಗಿಲ್ಲದೆ ಭಾನುವಾರ ಬೆಳಗ್ಗೆ ಆಡುವ ನಾಲ್ವರು ಸ್ನೇಹಿತರು ಈ ಪರಿಷ್ಕರಣೆಗಳಿಗೆಲ್ಲ ಕಾದು ಕುಳಿತವರಲ್ಲ. ಬೆಂಗಳೂರಾಗಲಿ ಎಡಿನ್‌ಬರೊ ಆಗಲಿ, ಅವರ ಶಾಸನಸಭೆ ಹುಲ್ಲಿನ ಮೇಲೆಯೇ ನಡೆಯುತ್ತದೆ. ಮೊದಲ ಹೊಡೆತ ಕಾಡಿಗೆ ಹೋದರೆ, "ಅದನ್ನು ಬಿಡಿ ರಾಯರೇ, ಇನ್ನೊಂದು ಹೊಡೆಯಿರಿ." ಕುಳಿಗೆ ಎರಡಡಿ ದೂರ ನಿಂತ ಚೆಂಡಿಗೆ, "ಅದು ಬಿದ್ದ ಹಾಗೆಯೇ, ಎತ್ತಿಕೊಳ್ಳಿ." ಚೆಂಡು ಡಿವಟ್‌ನಲ್ಲಿ ಕುಳಿತಿದ್ದರೆ ಯಾರೂ ಏನೂ ಹೇಳುವುದೇ ಇಲ್ಲ, ಮೂವರೂ ಏಕಕಾಲದಲ್ಲಿ ಆಕಾಶದ ಕಡೆ ನೋಡುತ್ತಾರೆ, ನಾಲ್ಕನೆಯವರ ಬೂಟಿನ ತುದಿ ಮೆಲ್ಲಗೆ ಚಲಿಸುತ್ತದೆ.

ತಿಂಗಳ ಕೊನೆಯಲ್ಲಿ ಕ್ಲಬ್ಬಿನ ಬೆಳ್ಳಿಯ ಬಟ್ಟಲಿಗಾಗಿ ಅದೇ ನಾಲ್ವರು ಅದೇ ಬಯಲಿಗೆ ಇಳಿಯುತ್ತಾರೆ. ಅದೇ ಹಳ್ಳದಲ್ಲಿ ಅದೇ ರಾಯರ ಚೆಂಡು ಕುಳಿತಿರುತ್ತದೆ. ರಾಯರು ತಲೆಯೆತ್ತಿ ನೋಡುತ್ತಾರೆ. ಈ ಸಲ ಮೂವರಲ್ಲಿ ಒಬ್ಬರೂ ಆಕಾಶ ನೋಡುತ್ತಿಲ್ಲ. ರಾಯರು ಒಂದು ನಿಟ್ಟುಸಿರು ಬಿಟ್ಟು, ಚೀಲದಿಂದ ಕಬ್ಬಿಣದ ದಾಂಡೊಂದನ್ನು ಆರಿಸಿ ತೆಗೆದು, ಹಳ್ಳದ ಅಂಚಿನಲ್ಲಿ ಕಾಲೂರಿ ನಿಲ್ಲುತ್ತಾರೆ.